ಇನ್ನೊಬ್ಬ ಮಹದೇವಮ್ಮನ ಸೂಜಿಮದ್ದು

ನಮ್ಮವ್ವನಿಗೆ ಬೆವರು ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಈ ವಿಷಯ ಯಾರ ಮುಂದೆ ತೆಗೆದರೂ "ಪಕ್ಕದಲ್ಲೇ ಇದ್ದಿರಲ್ಲ, ಅಷ್ಟೂ ಗೊತ್ತಾಗಲಿಲ್ಲವೇ?" ಎಂದು ಕೇಳುತ್ತಾರೆ. ಗೊತ್ತಾಗಲಿಲ್ಲ. ನ್ಯುಮೋನಿಯಾ ಇಳಿಯುವಾಗ ಮೈ ಬೆವರುತ್ತದೆ, ಅದು ಒಳ್ಳೆಯ ಲಕ್ಷಣ ಎಂದು ಡಾಕ್ಟರೇ ಹೇಳಿದ್ದರು. ಆ ಬೆವರಿಗಾಗಿಯೇ ನಾವು ಕಾದು ಕೂತಿದ್ದೆವು. ಅದು ಬಂತು. ಹಣೆಯಲ್ಲಿ ಹನಿಯೊಡೆದು, ಕತ್ತಿಗಿಳಿದು, ರವಿಕೆ ತೊಯ್ದು ತಲೆದಿಂಬಿನವರೆಗೆ ಬಂತು. ಅಜ್ಜಿ ಮಾದಪ್ಪನ ಬೆಟ್ಟವಿರುವ ದಿಕ್ಕಿಗೆ ತಿರುಗಿ ಕೈಮುಗಿದಳು. ಅಪ್ಪ ಎಷ್ಟೋ ದಿನಗಳ ಮೇಲೆ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ನಾನು ಟವಲಿನಿಂದ ಅವ್ವನ ಮುಖ ಒರೆಸುತ್ತ, ಕೊನೆಗೂ ಪೆನಿಸಿಲಿನ್ ಗೆದ್ದಿತು, ಅದರ ಜೊತೆಗೆ ನನ್ನ ವಾದವೂ ಗೆದ್ದಿತು ಎಂದುಕೊಂಡೆ. ಮೂವರ ಎಣಿಕೆಯೂ ತಪ್ಪಾಗಿತ್ತು.

ನನ್ನ ವಾದ ಎಂದೆನಲ್ಲ, ಅದೇನೆಂದು ಹೇಳಬೇಕು. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಗೆ ನಮ್ಮ ಅಂಗಡಿ. ಅಪ್ಪನ ಹೆಸರು ಗುರುಮಲ್ಲಪ್ಪ. ಹುರುಳಿ, ಅವರೆ, ಕೊತ್ತಂಬರಿ ಬೀಜದ ವ್ಯಾಪಾರ. ನಾನು ಆಗ ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದಕ್ಕಿಂತ ಚರ್ಚಾಸ್ಪರ್ಧೆಗಳಲ್ಲಿ ಮಾತನಾಡುತ್ತಿದ್ದೆ ಎನ್ನುವುದು ಹೆಚ್ಚು ನಿಜ. ಚೀಟಿ ಎತ್ತಿದಾಗ ಯಾವ ಪಕ್ಷ ಬರುತ್ತದೋ ಆ ಪಕ್ಷ. ಅರ್ಧ ಗಂಟೆಯಲ್ಲಿ ತಯಾರಾಗಿ ಎದುರಾಳಿಯ ಮಾತಿನ ಎಳೆ ಹಿಡಿದು ಎಳೆಯುವುದು. ರಜೆಗೆ ಬಂದರೆ ಅದೇ ಕೆಲಸ ಮನೆಯಲ್ಲಿ. ಹರಕೆಗೆ ಪುರಾವೆ ಏನು, ಶಕುನಕ್ಕೆ ಪುರಾವೆ ಏನು ಎಂದು ಅಜ್ಜಿಯ ತಲೆ ತಿನ್ನುತ್ತಿದ್ದೆ. ಅವ್ವನಿಗೆ ಕೆಮ್ಮು, ಚಳಿ, ಪಕ್ಕೆನೋವು ಶುರುವಾದಾಗ ಅಜ್ಜಿ ಕಷಾಯ ಕುದಿಸಿ ಮಾದಪ್ಪನಿಗೆ ಮುಡಿಪು ಕಟ್ಟಿದಳು. ನಾನು ಆಸ್ಪತ್ರೆ ಎಂದೆ. ಎರಡು ದಿನ ವಾದ ನಡೆಯಿತು. ಅಪ್ಪ ಒಪ್ಪಿದ್ದು ನನ್ನ ಮಾತಿಗೇನೂ ಅಲ್ಲ. ನೀರು ಸೇದಲು ಹೋದ ಅವ್ವ ಕೊಡ ಅಲ್ಲೇ ಬಿಟ್ಟು ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು, ಏಳಲಾಗಲಿಲ್ಲ. ಅದನ್ನು ನೋಡಿದ ಮೇಲೆ ಅವರು ಅಂಗಡಿಯ ಬಾಗಿಲು ಹಾಕಿದರು.

ತೆರಕಣಾಂಬಿಯ ಮೇಲೆ ಹೋಗುವ ಬಸ್ಸಿನಲ್ಲಿ ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಾಮರಾಜನಗರ ಸೇರಿದೆವು. ಅಲ್ಲಿ ಆಗ ಖಾಸಗಿಯಾಗಿ ನಡೆಯುತ್ತಿದ್ದ ಒಂದು ಸಣ್ಣ ಆಸ್ಪತ್ರೆ. ಈಗ ಅದು ಇಲ್ಲ. ಅದರ ಹೆಸರನ್ನು ನಾನು ಬರೆಯುವುದಿಲ್ಲ. ಯಾಕೆ ಎಂದರೆ ಒಳ್ಳೆಯ ಕಾರಣ ಕೊಡಲಾರೆ. ಹೆಸರು ಹೇಳದೆ ನುಂಗಿಕೊಳ್ಳುವುದು ನಮ್ಮ ಮನೆಯ ಗುಣ ಎನ್ನಿ.

ಆ ಗುಣದ ವಿಷಯವೇ ಇದೆಲ್ಲ. ಅವ್ವ ಅಪ್ಪನ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದಂತೆ. ಜನಗಣತಿಯವನು ಬಂದರೂ, ಪಡಿತರದ ಗುಮಾಸ್ತ ಕೇಳಿದರೂ ಅವಳು ತಲೆ ತಗ್ಗಿಸಿ ಸೆರಗೆಳೆದುಕೊಂಡು ನನ್ನ ಕಡೆ ನೋಡುವಳು, ನಾನು ಹೇಳಬೇಕು. ಒಮ್ಮೆ ಕೇಳಿದ್ದೆ: ಅಂಗಡಿಗೆ ಬಂದವರೆಲ್ಲ ದಿನವೂ ಅಪ್ಪನನ್ನು ಹೆಸರು ಹಿಡಿದೇ ಕೂಗುತ್ತಾರಲ್ಲ, ಹಾಗಾದರೆ ಇಷ್ಟು ಹೊತ್ತಿಗೆ ಅವರ ಆಯುಸ್ಸು ಏನಾಗಬೇಕಿತ್ತು? ಅವ್ವ ಒಲೆಯ ಮುಂದಿನಿಂದ ಏಳಲೂ ಇಲ್ಲ.

"ಅವ್ರೇನು ಎಂಡ್ತೀರಾ ಕಣಮ್ಮಿ?" ಎಂದಳು.

ಮೈಸೂರಿನಲ್ಲಿ ನಾನು ಚರ್ಚಾಸ್ಪರ್ಧೆಯ ಕಪ್ ಗೆದ್ದವಳು. ಎದ್ದು ಹೋಗಿ ಒಲೆಗೆ ಸೌದೆ ತಂದುಕೊಟ್ಟೆ.

ಆಸ್ಪತ್ರೆಗೆ ಸೇರಿಸುವಾಗಲೂ ಗಂಡನ ಹೆಸರು ಎಂದು ಕೇಳಿದರು, ನಾನೇ ಹೇಳಿದೆ. ಹೆಂಗಸರ ವಾರ್ಡು ಎಂದರೆ ಒಂದು ಉದ್ದನೆಯ ಹಜಾರ, ಎರಡು ಸಾಲು ಮಂಚ, ಫಿನಾಯಿಲ್ ವಾಸನೆ. ನಮ್ಮ ಸೀಮೆಯಲ್ಲಿ ಬೆಟ್ಟದ ದೇವರಿಗೆ ಹರಸಿಕೊಂಡು ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ಒಂದೇ ಹೆಸರು. ಹತ್ತು ಹೆಂಗಸರನ್ನು ಒಂದು ಕಡೆ ಸೇರಿಸಿದರೆ ಅದರಲ್ಲಿ ಮಹದೇವಮ್ಮ ಇದ್ದೇ ಇರುತ್ತಾಳೆ. ನಮ್ಮವ್ವ ಒಬ್ಬಳು ಮಹದೇವಮ್ಮ. ಎದುರು ಸಾಲಿನಲ್ಲಿ ಹರವೆಯ ಕಡೆಯ ಇನ್ನೊಬ್ಬರು. ಆಕೆಯದು ನಂಜಪ್ಪ ಎಂಬ ದೊಡ್ಡ ಹಿಡುವಳಿದಾರರ ಮನೆ. ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಮಾಯುತ್ತಿರಲಿಲ್ಲ. ಬೆಳಿಗ್ಗೆ ತಿಂಡಿಗೆ ಮುಂಚೆ ಆಕೆಗೊಂದು ಸೂಜಿಮದ್ದು. ಅದನ್ನು ಹಾಕುವವರೆಗೂ ಏನೂ ತಿನ್ನುವಂತಿಲ್ಲ. ಹಾಗಾಗಿ ಬೆಳಗಿನ ಹೊತ್ತು ಆಕೆಯ ಬಾಯಿಗೆ ಸಿಕ್ಕವರು ಕೆಟ್ಟರು. ನನ್ನ ಕೈಯಲ್ಲಿ ಪುಸ್ತಕ ಕಂಡು, ಓದಿದ್ರೆ ಗಂಡು ಸಿಕ್ಕಕಿಲ್ಲ ಕಣಮ್ಮಿ, ಸಿಕ್ರೂ ನಿನ್ ಮಾತಿಗೆದ್ರಿ ಓಡೋಯ್ತನೆ ಎಂದು ಮೊದಲ ದಿನವೇ ಭವಿಷ್ಯ ಹೇಳಿದ್ದರು.

ಮುಂಜಾನೆ ವಾರ್ಡು ತೊಳೆಯುವ ಹೊತ್ತಿಗೆ ರೋಗಿಗಳ ಕಡೆಯವರು ಯಾರೂ ಒಳಗಿರಕೂಡದು, ಇದು ಅಲ್ಲಿನ ನಿಯಮ. ಎಲ್ಲರೂ ಹೊರಗೆ ಬೆಂಚಿನ ಮೇಲೆ. ಆ ಬೆಂಚಿನ ಮೇಲೆ ಕೂತವರಿಗೆ ಗೊತ್ತು: ಬಾಗಿಲು ತೆರೆಯುವ ಸದ್ದಿಗೆಲ್ಲ ಕತ್ತು ಮೇಲೇಳುತ್ತದೆ, ಮತ್ತೆ ಇಳಿಯುತ್ತದೆ. ಪಕ್ಕದವರ ಕಷ್ಟ ಕೇಳಿ ಕೇಳಿ ನಮ್ಮದು ಯಾವುದು, ಅವರದು ಯಾವುದು ಎಂಬುದೇ ಕಲಸಿಹೋಗುತ್ತದೆ.

ಆ ಸೋಮವಾರ ಒಳಗೆ ನಡೆದದ್ದನ್ನು ಆಮೇಲೆ ಒಬ್ಬೊಬ್ಬರನ್ನೇ ಕೇಳಿ ಜೋಡಿಸಿದೆ. ತೊಳೆಯಲೆಂದು ಮಂಚಗಳನ್ನು ಜರುಗಿಸಿದ್ದರು. ಹರವೆಯ ಮಹದೇವಮ್ಮನವರನ್ನು ಎಳೆಬಿಸಿಲಿಗೆಂದು ಹಿಂದಿನ ಜಗಲಿಯಲ್ಲಿ ಕೂರಿಸಿದ್ದರು. ಸೂಜಿ ಹಿಡಿದು ಬಂದ ಮಲಯಾಳದ ನರ್ಸು ಕೆಲಸಕ್ಕೆ ಹೊಸಬಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಮಹದೇವಮ್ಮ ಯಾರು ಎಂದಳು. ಹಜಾರದಲ್ಲಿದ್ದ ಒಬ್ಬಳೇ ಮಹದೇವಮ್ಮ, ನಮ್ಮವ್ವ, ಕೈಯೆತ್ತಿದಳು. ನರ್ಸು ಅಷ್ಟಕ್ಕೇ ಬಿಡಲಿಲ್ಲ. "ನಂಜಪ್ಪನ ಹೆಂಡತಿಯಾ?" ಎಂದು ಕೇಳಿದಳು. ಗಂಡನ ಹೆಸರಿನ ಮಾತು ಬಂತಲ್ಲ, ಅವ್ವ ಯಾವಾಗಲೂ ಮಾಡುವುದನ್ನೇ ಮಾಡಿದಳು. ತಲೆ ತಗ್ಗಿಸಿ ಸೆರಗೆಳೆದುಕೊಂಡಳು. ನನ್ನ ಕಡೆ ನೋಡೋಣವೆಂದರೆ ನಾನು ಬೆಂಚಿನ ಮೇಲಿದ್ದೆ. ತಗ್ಗಿದ ತಲೆಯನ್ನು ಹೌದೆಂದು ತಿಳಿದು ನರ್ಸು ಸೂಜಿ ಚುಚ್ಚಿದಳು.

ಅದರ ಮೇಲೆ ಸೋಮವಾರ. ಅವ್ವನಿಗೆ ಸೋಮವಾರ ಒಪ್ಪೊತ್ತು. ಜ್ವರದಲ್ಲಿ ಬೇಡವೆಂದು ನಾವೆಲ್ಲ ಹೇಳಿದ್ದೆವು; ಅವಳು ಹೂಂಗುಟ್ಟಿ, ಬೆಳಿಗ್ಗೆ ಬಂದ ಗಂಜಿಯನ್ನು ಗೊತ್ತಾಗದ ಹಾಗೆ ಮಂಚದ ಕೆಳಗೆ ಸರಿಸಿದ್ದಳು. ಖಾಲಿ ಹೊಟ್ಟೆ.

ನಮ್ಮನ್ನು ಒಳಗೆ ಬಿಟ್ಟಾಗ ಬೆವರು ಶುರುವಾಗಿತ್ತು. ಸಂತೋಷ ತುಂಬ ಹೊತ್ತೇನೂ ಉಳಿಯಲಿಲ್ಲ. ಅವ್ವನ ಕೈ ನಡುಗತೊಡಗಿತು. ಜ್ವರ ಬಿಟ್ಟ ಮೈ, ನಿಶ್ಶಕ್ತಿ ಎಂದುಕೊಂಡೆವು. ಆಮೇಲೆ ಅವಳು ನನ್ನನ್ನು ಪುಟ್ಟೀ ಎಂದು ಕರೆದಳು. ಪುಟ್ಟಿ ಎಂದರೆ ಅವಳ ತಂಗಿ, ಬಾಣಂತಿತನದಲ್ಲಿ ತೀರಿಹೋದವಳು. ಎಂದೂ ಯಾರಿಗೂ ಗದರದ ನಮ್ಮವ್ವ ಅಪ್ಪನ ಕೈಯನ್ನು ಕೊಸರಿ ತಳ್ಳಿದಳು. ಕಣ್ಣು ತೆರೆದೇ ಇತ್ತು, ನೋಟ ನಮ್ಮ ಮೇಲಿರಲಿಲ್ಲ. ಅಜ್ಜಿ ಕೈಮುಗಿಯುವುದನ್ನು ನಿಲ್ಲಿಸಿದಳು.

ಅಷ್ಟರಲ್ಲಿ ಎದುರು ಮಂಚದಲ್ಲಿ ಜಗಳ. ಜಗಲಿಯಿಂದ ಬಂದ ಹರವೆಯ ಮಹದೇವಮ್ಮನವರು ಹಸಿವು, ಸೂಜಿ ಇನ್ನೂ ಬಿದ್ದಿಲ್ಲ ಎನ್ನುತ್ತಿದ್ದರು. ನಂಜಪ್ಪನವರ ಹೆಂಡತಿಗೆ ಆಗಲೇ ಹಾಕಿಯಾಯಿತು ಎಂದು ನರ್ಸು. ನನ್ನ ಮೈಗೆ ಬಿದ್ದದ್ದು ನನಗೆ ಗೊತ್ತಾಗುವುದಿಲ್ಲವೇ ಎಂದು ರೇಗಿ ಈ ಕಡೆ ತಿರುಗಿದವರು ಅವ್ವನನ್ನು ನೋಡಿ ಜಗಳ ಬಿಟ್ಟರು. ಕುಂಟುತ್ತ ಬಂದು ಅವ್ವನ ಕತ್ತು ಮುಟ್ಟಿದರು. ತಣ್ಣಗಿತ್ತು.

"ಇದು ಜ್ವರ ಬುಟ್ಟ ಬೆವ್ರಲ್ಲ ಕಣಮ್ಮಿ. ಇದು ನನ್ ಬೆವ್ರು," ಎಂದರು. "ಸೂಜಿ ಚುಚ್ಚುಸ್ಕೊಂಡು ಊಟ ತಡ ಆದ್ರೆ ನಂಗೆ ಇಂಗೇ ಆಯ್ತದೆ. ನನ್ ಮದ್ದ ನಿಮ್ಮವ್ವುಂಗೆ ಹಾಕ್ಬುಟ್ಟವ್ರೆ. ಓಗು, ಡಾಕ್ಟ್ರ ಕರ್ಕಂಬಾ."

ಡಾಕ್ಟರು ತಮ್ಮ ಕೋಣೆಯಲ್ಲಿ ಬೇರೆ ರೋಗಿಯ ಎದೆ ನೋಡುತ್ತಿದ್ದರು. ಜ್ವರ ಬಿಟ್ಟಾಗ ಹಾಗೆಲ್ಲ ಆಗುತ್ತದೆ, ಹೋಗಮ್ಮ, ಬರುತ್ತೇನೆ ಎಂದರು. ಕಲಿತದ್ದು ಒಮ್ಮೆ ಕೆಲಸಕ್ಕೆ ಬಂತು ಎಂದರೆ ಅಲ್ಲಿ. ಅಳದೆ, ಕೂಗದೆ ಹೇಳಿದೆ: "ನಂಜಪ್ಪನವರ ಹೆಂಡತಿಗೆ ಸಕ್ಕರೆ ಕಾಯಿಲೆಯ ಔಷಧಿ ಕೊಟ್ಟಿದ್ದೇನೆ ಅಂತ ನರ್ಸ್ ಹೇಳ್ತಾರೆ. ನನಗೆ ಬಿದ್ದಿಲ್ಲ ಅಂತ ಅವರು ಹೇಳ್ತಾರೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಹಾಗಾದರೆ ಆ ಔಷಧಿ ಯಾರ ಮೈಯಲ್ಲಿದೆ?"

ಡಾಕ್ಟರು ಕಿವಿಯಿಂದ ಕೊಳವೆ ಕಿತ್ತು ಓಡಿದರು. ನಾನು ಹಿಂದೆ ಓಡಿದೆ.

ನಾವು ಬರುವಷ್ಟರಲ್ಲಿ ಇನ್ನೊಂದು ನಡೆದಿತ್ತು. ಹರವೆಯ ಮಹದೇವಮ್ಮನವರು ಸೆರಗಿನ ಗಂಟಿನಲ್ಲಿ ಯಾವಾಗಲೂ ಇಟ್ಟುಕೊಳ್ಳುತ್ತಿದ್ದ ಬೆಲ್ಲದ ಚೂರನ್ನು ಬಿಚ್ಚಿ ಕೊಟ್ಟಿದ್ದರು. ಅವ್ವ ಬಾಯಿ ಬಿಡಲಿಲ್ಲ, ಹಲ್ಲು ಕಚ್ಚಿದ್ದಳು. ಲಿಂಗಪೂಜೆಯಾಗದೆ ಅವಳು ಬಾಯಿಗೆ ಏನನ್ನೂ ಹಾಕಿದವಳಲ್ಲ. ಬುದ್ಧಿ ಕದಡಿದರೂ ಆ ನಿಯಮ ಮಾತ್ರ ಕದಡಿರಲಿಲ್ಲ. ಅಪ್ಪ ಬೇಡಿಕೊಂಡರಂತೆ, ಆಗಲಿಲ್ಲ. ಅಜ್ಜಿ ಬೆಲ್ಲವನ್ನು ಇಸಿದುಕೊಂಡು ಅವ್ವನ ಕೊರಳಿನಲ್ಲಿದ್ದ ಲಿಂಗದ ಕರಡಿಗೆಗೆ ಮುಟ್ಟಿಸಿ, "ಪ್ರಸಾದ ಕಣವ್ವ, ತಕ್ಕೊ" ಎಂದಳಂತೆ. ಅವ್ವ ಬಾಯಿ ತೆರೆದಳು. ನನ್ನ ಇಡೀ ತರ್ಕಶಾಸ್ತ್ರ ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತಿದ್ದಾಗ ಬೆಲ್ಲ ಅವ್ವನ ನಾಲಿಗೆಯ ಮೇಲೆ ಕರಗುತ್ತಿತ್ತು.

ಮಿಕ್ಕದ್ದನ್ನು ಡಾಕ್ಟರು ಮಾಡಿದರು. ಆ ಸೂಜಿಮದ್ದಿಗೆ ರಕ್ತದ ಸಕ್ಕರೆ ತೀರಾ ಇಳಿದಿದೆ ಎಂದು ಅವ್ವನ ನರಕ್ಕೆ ಗ್ಲೂಕೋಸ್ ಹಾಕಿದರು. ಪೂರ್ತಿ ಎಚ್ಚರ ಬರುವವರೆಗೆ ಏನೂ ಹೇಳಲಾರೆ ಎಂದು ನಮ್ಮನ್ನು ಮತ್ತೆ ಬೆಂಚಿಗೆ ಕಳಿಸಿದರು. ಅಪ್ಪನ ಬಾಯಲ್ಲಿ ಆಗ ಹಾಕಿಕೊಂಡ ಎಲೆಯಡಿಕೆ ಹಾಗೇ ಇತ್ತು. ಅಗಿಯಲೂ ಇಲ್ಲ, ಉಗುಳಲೂ ಇಲ್ಲ. ಕೆನ್ನೆಯ ಆ ಉಬ್ಬನ್ನು ನೋಡುತ್ತ ಕೂತಿದ್ದೆ. ಬೇರೇನನ್ನೂ ನೋಡುವ ಶಕ್ತಿ ಇರಲಿಲ್ಲ.

ಬಾಗಿಲು ತೆರೆದು ಕರೆದರು. ಅವ್ವನ ನೋಟ ಸರಿಯಾಗಿತ್ತು, ನನ್ನನ್ನು ನನ್ನ ಹೆಸರಿನಿಂದಲೇ ಕರೆದಳು. ಆಮೇಲೆ ತುಟಿ ಸವರಿಕೊಂಡು, ಬೆಲ್ಲ ಯಾರು ಕೊಟ್ಟಿದ್ದು, ಇವತ್ತು ಸೋಮವಾರ ಅಲ್ಲವೇ ಎಂದು ಕೇಳಿದಳು. ಅಪ್ಪ ಆಚೆ ಹೋಗಿ ಎಲೆಯಡಿಕೆ ಉಗುಳಿ ಬಂದರು.

ಡಾಕ್ಟರು ಒಂದು ಕೆಲಸ ಮಾಡಿದರು, ಅದನ್ನು ಹೇಳದಿದ್ದರೆ ನ್ಯಾಯವಲ್ಲ. ಅಪ್ಪನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು, ತಪ್ಪು ನಮ್ಮದು ಎಂದರು. ಸುಳ್ಳು ಹೇಳಬಹುದಿತ್ತು, ನಮಗೇನು ತಿಳಿಯುತ್ತಿತ್ತು? ಅಷ್ಟು ದೊಡ್ಡವರು ಪಕ್ಕದಲ್ಲಿ ಕೂತದ್ದಕ್ಕೇ ಅಪ್ಪ ಮುದುಡಿಹೋದರು. "ಇರ್ಲಿ ಬುಡಿ ಸ್ವಾಮಿ," ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಇರಲಿ ಎಂದುಬಿಡಲು, ಹೋಗಲಿದ್ದ ಜೀವ ಯಾರದು? ನರ್ಸಿನ ಜೊತೆ ಜಗಳಾಡೋಣವೆಂದು ಹೋದರೆ ಅವಳು ನಲ್ಲಿಯ ಹತ್ತಿರ ನಿಂತು ಅಳುತ್ತಿದ್ದಳು. "ನಾನು ಕೇಳಿದೆ, ಅವರು ತಲೆ ಆಡಿಸಿದರು" ಎಂದು ತನ್ನ ಮುರುಕು ಕನ್ನಡದಲ್ಲಿ ಹೇಳಿದಳು. ಅದೂ ನಿಜವೇ. ಅವಳು ಕೇಳಿದ್ದಳು. ಬೆಳಿಗ್ಗೆ ನಮ್ಮನ್ನು ಹೊರಗೆ ಕಳಿಸಿದ ಜವಾನ ನಿಯಮ ಪಾಲಿಸಿದ್ದ. ಅವ್ವ ತನ್ನ ನಿಯಮ ಪಾಲಿಸಿದ್ದಳು. ಚೀಟಿ ಎತ್ತಿಸಿದ್ದರೆ ಇವರಲ್ಲಿ ಯಾರ ಪರವಾಗಿಯೂ ಅರ್ಧ ಗಂಟೆ ಮಾತಾಡಬಲ್ಲೆ, ಯಾರ ವಿರುದ್ಧವಾಗಿಯೂ ಮಾತಾಡಬಲ್ಲೆ. ಆದರೆ ತೀರ್ಪುಗಾರರ ಕುರ್ಚಿ ಖಾಲಿಯಿತ್ತು. ನನಗೆ ನಿದ್ದೆ ಬೇಕಾಗಿತ್ತು.

ಮಧ್ಯಾಹ್ನ ಅವ್ವ ಸ್ವಲ್ಪ ಗಂಜಿ ಕುಡಿದ ಮೇಲೆ ಕೇಳಿದೆ. ನಂಜಪ್ಪನ ಹೆಂಡತಿಯಾ ಎಂದಾಗ ಅಲ್ಲ ಎಂದು ಒಂದು ಮಾತು ಹೇಳಲು ಏನಾಗಿತ್ತು?

"ಅಲ್ಲ ಅಂದ್ರೆ, ಮತ್ಯಾರ ಎಂಡ್ತಿ ಅಂತಾಳೆ," ಎಂದಳು ಅವ್ವ. "ಆಗ ನಾನೇನಂತ ಯೋಳ್ಲಿ?"

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅವ್ವನ ನಿಜವಾದ ಕಾಯಿಲೆ ಇನ್ನೂ ಹಾಗೇ ಇತ್ತು. ಬಂದದ್ದು ಜ್ವರ ಬಿಟ್ಟ ಬೆವರಾಗಿರಲಿಲ್ಲವಲ್ಲ. ಸಂಜೆಗೆ ಮೈ ಮತ್ತೆ ಕೆಂಡ, ಪಕ್ಕೆಯಲ್ಲಿ ಅದೇ ಇರಿತ. ಪೆನಿಸಿಲಿನ್ ನಿಲ್ಲಿಸುವಂತಿಲ್ಲ, ನಡುವೆ ಬಿಟ್ಟು ಮನೆಗೆ ಕರೆದೊಯ್ದರೆ ಉಳಿಸುವುದು ತಮ್ಮ ಕೈಲಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಜೊತೆಗೆ ಹೊಸ ನಿಯಮ ಮಾಡಿದರು: ಇನ್ನು ಮೇಲೆ ಸೂಜಿ ಹಾಕುವ ಮುಂಚೆ ರೋಗಿಯೇ ಬಾಯಿಬಿಟ್ಟು ತನ್ನ ಹೆಸರು, ಗಂಡನ ಹೆಸರು ಹೇಳಬೇಕು. ತಲೆಯಾಡಿಸಿದರೆ ಆಗದು, ಪಕ್ಕದವರು ಹೇಳಿದರೂ ಆಗದು.

ಮಗಳು ನಾನಿದ್ದೇನೆ, ನಾನು ಹೇಳುತ್ತೇನೆ ಎಂದೆ. ನೀವು ಇಲ್ಲದಾಗಲೇ ತಾನೇ ಇದಾದದ್ದು ಎಂದರು. ಗುಂಡ್ಲುಪೇಟೆ ಮಹದೇವಮ್ಮ ಎಂದರೆ ಸಾಲದೇ ಎಂದೆ. ಹೋದ ತಿಂಗಳು ಗುಂಡ್ಲುಪೇಟೆಯವರೇ ಇಬ್ಬರು ಮಹದೇವಮ್ಮ ಇದ್ದರು ಎಂದರು. ನಾನು ಸೋತೆ. ಸೋತದ್ದು ಸರಿಯಾಗಿಯೇ ಇತ್ತು, ಅದು ಇನ್ನೂ ಸುಸ್ತು ಮಾಡಿತು.

ಅವ್ವ ಸೂಜಿಯೇ ಬೇಡ ಎಂದಳು. ಹೆದರಿಕೆಗಲ್ಲ. ಹೆಸರು ಹೇಳುವುದಾದರೆ ಬೇಡ. ಊರಿಗೆ ಹೋಗನ ನಡೀರಿ ಎಂದು ಗೋಡೆಗೆ ಮುಖ ಮಾಡಿದಳು. ಅಜ್ಜಿಯೂ ಮನೆಗೇ ಹೋಗುವ ಎಂದಳು, ಸೊಸೆಯನ್ನು ಕೊಲ್ಲಲು ಹೊರಟ ಜಾಗ ಇದು. ನಾನು ಅವ್ವನ ಬೆನ್ನಿಗೆ ಏನೇನೋ ಹೇಳಿದೆ. ನೀನು ಹೋದರೆ ಅಪ್ಪನ ಆಯುಸ್ಸು ಇಟ್ಟುಕೊಂಡು ಅಪ್ಪ ಏನು ಮಾಡಬೇಕು ಎಂದೂ ಕೇಳಿದೆ. ಒಳ್ಳೆಯ ಪ್ರಶ್ನೆ, ಸಭೆಯಲ್ಲಾದರೆ ಚಪ್ಪಾಳೆ ಬೀಳುತ್ತಿತ್ತು. ಆ ಬೆನ್ನು ಕೆಮ್ಮಿಗೆ ಅಲುಗಿತೇ ಹೊರತು ತಿರುಗಲಿಲ್ಲ.

ಎದುರು ಮಂಚದಿಂದ ಹರವೆಯ ಮಹದೇವಮ್ಮನವರು ಇದನ್ನೆಲ್ಲ ಕೇಳುತ್ತಿದ್ದರು. "ಏನಮ್ಮಾ ಗುಂಡ್ಲುಪೇಟೆಯಮ್ಮ," ಎಂದರು. "ನನ್ ಸೂಜಿ ತಕ್ಕಂಡೆ. ನನ್ ಬೆಲ್ಲ ತಿಂದೆ. ನನ್ ಗಂಡುನ್ನೂ ಒಸಿ ಒತ್ತು ಇಟ್ಕಂಡಿದ್ದೆ. ನಿನ್ ಗಂಡನ ಎಸ್ರು ಮಾತ್ರ ಬ್ಯಾಡ್ವಾ? ನಾನು ಯೋಳ್ತೀನಿ ನೋಡು. ನಂಜಪ್ಪ, ನಂಜಪ್ಪ, ನಂಜಪ್ಪ. ದಿನಾ ಯೋಳ್ತೀನಿ. ಆವಯ್ಯ ಕಲ್ಗುಂಡ್ನಂಗವ್ನೆ."

ವಾರ್ಡಿನಲ್ಲಿ ಒಬ್ಬಿಬ್ಬರು ನಕ್ಕರು. ಅವ್ವನ ಭುಜವೂ ಒಮ್ಮೆ ಕುಣಿಯಿತು, ಅದು ನಗುವೋ ಕೆಮ್ಮೋ ತಿಳಿಯಲಿಲ್ಲ. ಆದರೆ ಅವಳು ತಿರುಗಲಿಲ್ಲ.

ಸಂಜೆಯ ಸೂಜಿಯ ಹೊತ್ತು. ಅದೇ ನರ್ಸು ತಟ್ಟೆ ಹಿಡಿದು ಬಂದಳು, ಅತ್ತು ಅತ್ತು ಮುಖ ಊದಿತ್ತು. ಮಂಚದ ಪಕ್ಕ ನಿಂತು, ಹೆಸರು ಹೇಳಿ ಎಂದಳು. ಮಹದೇವಮ್ಮ ಎಂದಳು ಅವ್ವ ಗೋಡೆಗೆ. ಗಂಡನ ಹೆಸರು? ಅವ್ವ ಸೆರಗೆಳೆದುಕೊಂಡಳು. ನರ್ಸು ಕಾದಳು. ನನ್ನ ನಾಲಿಗೆಯ ತುದಿಯಲ್ಲೇ ಆ ಹೆಸರಿತ್ತು, ಹೇಳಿ ಪ್ರಯೋಜನವಿರಲಿಲ್ಲ.

ಅಪ್ಪ ಅಷ್ಟು ಹೊತ್ತೂ ಮಂಚದ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತಿದ್ದರು. ಮೊಣಕಾಲಿನ ಮೇಲೆ ಕೈಯೂರಿ ಎದ್ದರು. ಹೆಗಲ ಮೇಲಿನ ವಸ್ತ್ರ ತೆಗೆದು ಕೊಡವಿದರು.

"ನಾನು ಆಚ್ಗೋಯ್ತೀನಿ," ಎಂದರು ಅವ್ವನಿಗೆ. "ನಂಗೆ ಕೇಳ್ಸಾಕಿಲ್ಲ. ಯೋಳ್ಬುಡು."

ಹೊರಟೇ ಹೋದರು. ಕಿಟಕಿಯಲ್ಲಿ ಕಾಣುತ್ತಿತ್ತು. ಜಗಲಿ ದಾಟಿದರು, ನಲ್ಲಿ ದಾಟಿದರು, ಬೇಲಿಯ ಹತ್ತಿರ ರಸ್ತೆಗೆ ಮುಖ ಮಾಡಿ ನಿಂತು, ಸಾಲದೆನ್ನಿಸಿತೋ ಏನೋ, ವಸ್ತ್ರವನ್ನು ಕಿವಿ ಮುಚ್ಚುವ ಹಾಗೆ ತಲೆಗೆ ಸುತ್ತಿಕೊಂಡರು. ಗಂಡನ ಕಿವಿಗೆ ಬೀಳದಿದ್ದರೆ ಆಯುಸ್ಸು ಕಡಿಮೆಯಾಗುವುದಿಲ್ಲ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ಆ ನಂಬಿಕೆಯನ್ನು ಅವರು ಆಗ, ಅಲ್ಲಿ, ತಮ್ಮಷ್ಟಕ್ಕೆ ತಾವೇ ಹುಟ್ಟಿಸಿದ್ದು. ನಾನು ಪುರಾವೆ ಕೇಳಲಿಲ್ಲ.

ಅವ್ವ ನಿಧಾನವಾಗಿ ಈ ಕಡೆ ಹೊರಳಿದಳು. ಕಿಟಕಿಯಾಚೆ ನೋಡಿದಳು, ಎಷ್ಟು ದೂರ ಎಂದು ಅಳೆಯುವವಳ ಹಾಗೆ. ಬೆರಳಿನಲ್ಲಿ ನರ್ಸನ್ನು ಹತ್ತಿರ ಕರೆದಳು. ನರ್ಸು ಬಗ್ಗಿದಳು. ಪಕ್ಕದಲ್ಲಿದ್ದ ನನಗೂ ಕೇಳಿಸಿತು, ಹುಟ್ಟಿದಾಗಿನಿಂದ ಆ ಬಾಯಲ್ಲಿ ನಾನು ಕೇಳದಿದ್ದ ಮಾತು.

"ಗುರುಮಲ್ಲಪ್ಪನೋರು."

ಯಾವುದೋ ಪರಸ್ಥಳದ ಹಿರಿಯರ ಹೆಸರು ಹೇಳಿದ ಹಾಗಿತ್ತು. ನರ್ಸು ತಲೆಯಾಡಿಸಿ ಸೂಜಿ ಹಾಕಿದಳು. ಅವ್ವ ಕಣ್ಣು ಮುಚ್ಚಿಕೊಂಡಿದ್ದಳು, ನೋವಿಗಲ್ಲ ಎಂದು ನನಗೆ ಗೊತ್ತಿತ್ತು. ಹತ್ತಿಯಿಂದ ಒತ್ತಿ ಉಜ್ಜಿ ನರ್ಸು ಆ ಕಡೆ ಹೋದ ಕೂಡಲೇ ಕಣ್ಣು ಬಿಟ್ಟಳು.

ಅವಳಿಗೆ ಪೂರ್ತಿ ಗುಣವಾಗುವವರೆಗೆ ಪ್ರತಿ ಸೂಜಿಗೂ ಇದೇ ನಡೆಯಿತು. ತಟ್ಟೆಯ ಸದ್ದಾದರೆ ಅಪ್ಪ ಏಳುತ್ತಿದ್ದರು, ಬೇಲಿಯವರೆಗೆ ಹೋಗುತ್ತಿದ್ದರು. ವಾರ್ಡಿನ ಹೆಂಗಸರು ದಾರಿಗೆ ಅಡ್ಡವಿದ್ದ ಚೆಂಬು, ಚಾಪೆ ಸರಿಸಿಕೊಡುವುದನ್ನು ಕಲಿತರು. ಮನೆಗೆ ಬಂದ ಮೇಲೆ ಅವ್ವ ಆ ಹೆಸರನ್ನು ಮತ್ತೆ ಹೇಳಿಲ್ಲ. ಈಗಲೂ ಹೊತ್ತು ಮೀರಿ ಹಸಿವಾದರೆ ಅವಳ ಕೈ ಸ್ವಲ್ಪ ನಡುಗುತ್ತದೆ. ಅದು ಆ ಸೋಮವಾರದ್ದೋ, ಬರಿಯ ಹೆದರಿಕೆಯೋ, ನಾನು ವಾದಿಸುವುದಿಲ್ಲ. ಅಜ್ಜಿ ಬೆಲ್ಲ ತಂದುಕೊಡುತ್ತಾಳೆ.

ಆ ಮೊದಲ ಸಂಜೆ ಅವ್ವ ಕಣ್ಣು ಬಿಟ್ಟು ಮೊದಲು ನೋಡಿದ್ದು ಕಿಟಕಿಯನ್ನು. ಬೇಲಿಯ ಹತ್ತಿರ ಅಪ್ಪ ತಲೆಗೆ ವಸ್ತ್ರ ಸುತ್ತಿ ಹಾಗೇ ನಿಂತಿದ್ದರು, ಬದುಕಿಯೇ ಇದ್ದರು.

"ಆಯ್ತು," ಎಂದಳು ಅವ್ವ. "ಓಗಿ ನಿಮ್ಮಪ್ಪುನ್ನ ಕರ್ಕಂಬಾ ಕಣಮ್ಮಿ. ಅಲ್ಲಿ ಚಳಿ."